ಬೆಕ್ಕು ಮನೆಗೆ ಬಾರದ ರಾತ್ರಿ

ನಮ್ಮ ಬೆಕ್ಕಿನ ಹೆಸರು ಜೀರಿಗೆ. ಬೂದು ಮೈಮೇಲೆ ಕಂದು ಗೆರೆ, ಬಾಣಲೆಯಲ್ಲಿ ಅರೆ ಹುರಿದ ಜೀರಿಗೆಯ ಬಣ್ಣ. ಹಾಗಾಗಿ ಆ ಹೆಸರು. ಮೈಸೂರಿನ ನಮ್ಮ ಬಾಡಿಗೆ ಮನೆಗೆ ಬಣ್ಣ ಬಳಿಯಲು ಬಂದವರು ಒಂದು ಮಧ್ಯಾಹ್ನ ಹಿಂದಿನ ಗ್ರಿಲ್ ಬಾಗಿಲು ತೆರೆದಿಟ್ಟು ಏಣಿ ತರಲು ಹೋದರು. ಸಂಜೆ ತಟ್ಟೆಗೆ ಊಟ ಹಾಕಿ ಕರೆದರೆ ಬೆಕ್ಕಿಲ್ಲ. ರಾತ್ರಿ ಹತ್ತೂವರೆಗೆ ಬೀದಿಯಲ್ಲಿ ನಿಂತು "ಜೀರಿಗೇ, ಜೀರಿಗೇ" ಎಂದು ಕೂಗುತ್ತಿದ್ದೆ. ಮೂರನೇ ಮನೆಯ ಅಜ್ಜಿ ಕಿಟಕಿ ತೆರೆದು, "ಈ ಹೊತ್ತಲ್ಲಿ ಯಾವ ಅಂಗಡಿ ತೆಗೆದಿರತ್ತಮ್ಮ? ನಮ್ಮನೇಲಿದೆ ಬಾ, ಒಂದು ಹಿಡಿ ಕೊಡ್ತೀನಿ" ಅಂದರು.

ಮರುದಿನದಿಂದ ಕಿವಿಗೆ ಬಿದ್ದದ್ದು ಎರಡೇ ಮಾತು. ಮೊದಲನೆಯದು, "ಬೆಕ್ಕಲ್ವಾ, ತಾನಾಗೇ ಬರತ್ತೆ ಬಿಡಿ." ಮೂರು ದಿನ ಕಳೆದ ಮೇಲೆ ಅದೇ ಬಾಯಿಂದ, "ಇನ್ನೆಲ್ಲಿ ಬರತ್ತೆ, ಬೇರೆ ಮರಿ ತನ್ನಿ." ಎರಡೂ ಸಮಾಧಾನಕ್ಕೆ ಹೇಳಿದ ಮಾತುಗಳೇ. ಆದರೆ ಎರಡನ್ನೂ ನಂಬಿದರೆ ಹುಡುಕಲು ಒಂದು ದಿನವೂ ಉಳಿಯುವುದಿಲ್ಲ: ಮೊದಲು ಹುಡುಕುವ ಅಗತ್ಯವಿಲ್ಲ, ಆಮೇಲೆ ಹುಡುಕಿ ಪ್ರಯೋಜನವಿಲ್ಲ. ಎರಡನ್ನೂ ನಂಬದವರಿಗೆ ಮಾತ್ರ ಹುಡುಕುವ ದಿನಗಳು ಉಳಿಯುತ್ತವೆ.

ದೂರ ಹೋಗಿರುವುದಿಲ್ಲ

ಕಳೆದುಹೋದ 1,210 ಬೆಕ್ಕುಗಳ ಕತೆಯನ್ನು ಅವುಗಳ ಯಜಮಾನರಿಂದಲೇ ಕೇಳಿ ಸಂಗ್ರಹಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಸುಮಾರು ಮೂರನೇ ಒಂದು ಭಾಗದಷ್ಟು ಬೆಕ್ಕುಗಳು ಏಳು ದಿನದೊಳಗೆ ಸಿಕ್ಕವು. ವರ್ಷದೊಳಗೆ ಸಿಕ್ಕವು ಶೇ. 61. ಸಿಕ್ಕವುಗಳಲ್ಲಿ ಮುಕ್ಕಾಲು ಪಾಲು ತಪ್ಪಿಸಿಕೊಂಡ ಜಾಗದಿಂದ 500 ಮೀಟರ್ ಒಳಗೇ ಇದ್ದವು. ಮನೆಯೊಳಗೇ ಬೆಳೆದ ಬೆಕ್ಕುಗಳದ್ದು ಇನ್ನೂ ಕಡಿಮೆ: ಅವುಗಳಲ್ಲಿ ಮುಕ್ಕಾಲು ಪಾಲು 137 ಮೀಟರ್ ದಾಟಿರಲಿಲ್ಲ. ನಮ್ಮ ಬಡಾವಣೆಗಳ ಲೆಕ್ಕದಲ್ಲಿ ಅದು ಒಂದು ಅಡ್ಡರಸ್ತೆಯ ಉದ್ದ.

ಹಾಗಿದ್ದರೆ ಕರೆದಾಗ ಯಾಕೆ ಓಗೊಡುವುದಿಲ್ಲ? ನಾಯಿ ದಾರಿ ತಪ್ಪಿದರೆ ಓಡುತ್ತದೆ, ಸಿಕ್ಕವರ ಹಿಂದೆ ಹೋಗುತ್ತದೆ. ಹೆದರಿದ ಬೆಕ್ಕು ಸಿಕ್ಕಿದ ಮೊದಲ ಸಂದಿಗೆ ನುಗ್ಗಿ ಬಾಯಿ ಮುಚ್ಚಿ ಕೂರುತ್ತದೆ. ಇಲಿಗೆ ಬೇಟೆಗಾರನಾದರೂ ನಾಯಿಗೆ ಅದೇ ಬೇಟೆ. ಸದ್ದು ಮಾಡಿದರೆ ಇರುವ ಜಾಗ ಗೊತ್ತಾಗಿಬಿಡುತ್ತದೆ. ನಿಮ್ಮ ದನಿ ಅದಕ್ಕೆ ಕೇಳಿಸಿರುತ್ತದೆ. ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ಗೆ ನಿಂತರೆ ಬೆಕ್ಕಿನದು 60 ಕಿಲೋಹರ್ಟ್ಸ್ ದಾಟುತ್ತದೆ. ಹೊರಗೆ ಬರುವಷ್ಟು ಧೈರ್ಯ ಇನ್ನೂ ಬಂದಿಲ್ಲ, ಅಷ್ಟೆ. ಆದ್ದರಿಂದ ಬೆಕ್ಕು ಹುಡುಕುವುದೆಂದರೆ ಊರು ಸುತ್ತುವುದಲ್ಲ, ಅಕ್ಕಪಕ್ಕದ ಹತ್ತು ಮನೆಗಳ ಸಂದುಗೊಂದುಗಳನ್ನು ಮೊಣಕಾಲೂರಿ ನೋಡುವುದು.

ಎಂಥ ಬೆಕ್ಕು, ಎಂಥ ಹುಡುಕಾಟ

ಎಲ್ಲ ಬೆಕ್ಕನ್ನೂ ಒಂದೇ ರೀತಿ ಹುಡುಕಲಾಗದು. ಹೊರಜಗತ್ತು ಕಾಣದ ಮನೆಬೆಕ್ಕು ತಪ್ಪಿಸಿಕೊಂಡಿದ್ದರೆ, ಅದು ಹೊರಬಿದ್ದ ಬಾಗಿಲು ಅಥವಾ ಕಿಟಕಿಯಿಂದ ಶುರುಮಾಡಿ. ಅಲ್ಲಿ ನೆಲಕ್ಕೆ ಕೂತು, ಬೆಕ್ಕಿನ ಎತ್ತರದಿಂದ ನೋಡಿದರೆ ಯಾವ ಸಂದು ಮೊದಲು ಕಣ್ಣಿಗೆ ಬೀಳುತ್ತದೆ? ಹುಡುಕಾಟ ಅಲ್ಲಿಂದ.

ದಿನವೂ ಊರು ತಿರುಗಿ ಬರುವ ಬೆಕ್ಕು ಒಮ್ಮೆಲೇ ಬಾರದಿದ್ದರೆ ಅದನ್ನು ಏನೋ ತಡೆದಿದೆ ಎಂದರ್ಥ. ಯಾರದೋ ಗೋದಾಮಿನಲ್ಲಿ, ಬೀಗ ಹಾಕಿದ ಶೆಡ್ಡಿನಲ್ಲಿ ಸಿಕ್ಕಿಕೊಂಡಿರಬಹುದು. ಮರವೇರಿ ಇಳಿಯಲಾಗದೆ ಕೂತಿರಬಹುದು. ಗಾಯಗೊಂಡು ಎಲ್ಲೋ ಮಲಗಿರಬಹುದು. ಇಂಥ ಬೆಕ್ಕಿಗೆ ಹುಡುಕಾಟದ ವಿಸ್ತಾರ ಒಂದು ಕಿಲೋಮೀಟರಿಗೂ ಮೀರಬೇಕಾದೀತು. ಸಂತಾನಹರಣ ಮಾಡಿಸದ ಗಂಡು ಬೆಕ್ಕು ಬೆದೆಗೆ ಬಂದ ಹೆಣ್ಣಿನ ಹಿಂದೆ ಹೋಗಿ ಕೆಲವು ದಿನ ಬಿಟ್ಟು ಮೈತುಂಬ ಪರಚು ಗಾಯದೊಂದಿಗೆ ಬರುವುದೂ ಉಂಟು. "ತಾನಾಗೇ ಬರತ್ತೆ" ಎಂಬ ಮಾತು ಹುಟ್ಟಿದ್ದು ಇಂಥ ಗಂಡುಗಳಿಂದಲೇ ಇರಬೇಕು.

ಮನೆ ಬದಲಿಸಿದ ಹೊಸದರಲ್ಲಿ ಕಳೆದ ಬೆಕ್ಕಿನದು ಬೇರೆ ಕತೆ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಎಂಬ ಮಾತಿದೆ; ನಾವು ಅದನ್ನು ಎರಡನೇ ಮನೆಗೆ ಕರೆತಂದರೂ ಅದಕ್ಕೆ ಒಪ್ಪಿಗೆಯಿಲ್ಲ. ಹಳೆಯ ಮನೆ ಹತ್ತಿರದಲ್ಲಿದ್ದರೆ ಅಲ್ಲಿಯ ಹೊಸ ಬಾಡಿಗೆದಾರರಿಗೂ ಪಕ್ಕದವರಿಗೂ ಅಂದೇ ಫೋನ್ ಮಾಡಿ.

ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಕಾಣೆಯಾಗಿದ್ದರೆ ಮೊದಲು ನೋಡಬೇಕಾದ್ದು ನೇರ ಕೆಳಗೆ: ಗಿಡದ ಪೊದೆ, ಪಾರ್ಕಿಂಗ್, ಕೆಳಗಿನ ಮಹಡಿಗಳ ಸಜ್ಜಾ. ಎತ್ತರದಿಂದ ಬಿದ್ದ ಬೆಕ್ಕು ಸತ್ತೇ ಹೋಯಿತೆಂದು ಕೈಚೆಲ್ಲಬೇಡಿ. ನ್ಯೂಯಾರ್ಕಿನ ಪಶು ಆಸ್ಪತ್ರೆಯೊಂದಕ್ಕೆ ಹೀಗೆ ಬಿದ್ದು ಬಂದ 132 ಬೆಕ್ಕುಗಳ ಬಗ್ಗೆ 1987ರಲ್ಲಿ ವರದಿಯಾಗಿತ್ತು, ಅವುಗಳಲ್ಲಿ ಶೇ. 90ರಷ್ಟು ಬದುಕಿದ್ದವು. ಆದರೆ ಬಿದ್ದ ಬೆಕ್ಕು ಒಳಗಿನ ಪೆಟ್ಟು ಬಚ್ಚಿಟ್ಟುಕೊಂಡು ತೆವಳಿ ಮೂಲೆ ಸೇರುತ್ತದೆ. ಅಲ್ಲಿ ಗಂಟೆಗಳಿಗೂ ಬೆಲೆಯಿದೆ.

ಮೊದಲು ಮನೆಯೊಳಗೆ

ಬೀದಿಗಿಳಿಯುವ ಮುಂಚೆ ಮನೆಯನ್ನೇ ಜಾಲಾಡಿ. ಬಟ್ಟೆ ಬೀರು, ವಾಷಿಂಗ್ ಮೆಷಿನ್ನಿನ ಡ್ರಮ್, ಫ್ರಿಜ್ಜಿನ ಹಿಂಬದಿ, ಹಾಸಿಗೆ ಸುತ್ತಿಟ್ಟ ಮೂಲೆ, ದಿವಾನಿನ ಪೆಟ್ಟಿಗೆ, ಅಟ್ಟ. ಮಲೆನಾಡಿನ ಮನೆಯಾದರೆ ಬಚ್ಚಲೊಲೆಯ ಬೆಚ್ಚನೆಯ ಬೂದಿ, ಸೌದೆ ಕೊಟ್ಟಿಗೆ, ಅಡಿಕೆ ಮೂಟೆಗಳ ಹಿಂದೆ. "ಅಲ್ಲಿ ಹೋಗಲು ಸಾಧ್ಯವೇ ಇಲ್ಲ" ಎನಿಸುವ ಜಾಗವನ್ನು ಎರಡು ಸಲ ನೋಡಿ. ತಲೆ ತೂರಿದರೆ ಬೆಕ್ಕಿನ ಮೈಯೂ ಸಾಮಾನ್ಯವಾಗಿ ತೂರುತ್ತದೆ.

ಆಮೇಲೆ ಕಾಂಪೌಂಡು. ನೀರಿನ ಟ್ಯಾಂಕಿನ ಅಡಿ, ಸಂಪಿನ ಮುಚ್ಚಳ, ಕಟ್ಟೆಯಿಲ್ಲದ ಬಾವಿ, ಚರಂಡಿಯ ಕಲ್ಲುಚಪ್ಪಡಿ, ಜನರೇಟರ್ ಕೋಣೆ, ಮೆಟ್ಟಿಲ ಕೆಳಗಿನ ಗುಜರಿ ರಾಶಿ. ಪಕ್ಕದಲ್ಲಿ ಮನೆ ಕಟ್ಟುತ್ತಿದ್ದರೆ ಸೆಂಟ್ರಿಂಗ್ ಹಲಗೆಗಳ ನಡುವೆ. ಮಳೆ, ಚಳಿಯ ದಿನಗಳಲ್ಲಿ ಕಾರಿನ ಬಾನೆಟ್ಟಿನೊಳಗೆ ಇಂಜಿನ್ನಿನ ಬಿಸಿಗೆ ಸೇರಿಕೊಳ್ಳುವುದು ಸಾಮಾನ್ಯ; ಅಕ್ಕಪಕ್ಕದವರಿಗೆ ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಮೇಲೆ ನಾಲ್ಕು ಏಟು ತಟ್ಟಲು ಹೇಳಿ.

ಟಾರ್ಚ್ ಹಿಡಿದು, ಕೂಗದೆ

ಹಗಲಿನ ಗದ್ದಲದಲ್ಲಿ ಬೆಕ್ಕು ಹೊರಬರುವುದಿಲ್ಲ. ರಾತ್ರಿ ಹನ್ನೊಂದರ ನಂತರ ಮತ್ತು ನಸುಕಿನ ನಾಲ್ಕರಿಂದ ಐದೂವರೆ, ಅಂದರೆ ಹಾಲಿನ ಗಾಡಿ ಬರುವುದಕ್ಕೆ ಮೊದಲಿನ ಹೊತ್ತು, ಹುಡುಕಾಟಕ್ಕೆ ಒಳ್ಳೆಯದು.

ಮೊಬೈಲಿನ ಬೆಳಕು ಸಾಲದು, ಒಳ್ಳೆಯ ಟಾರ್ಚ್ ಬೇಕು. ಅದನ್ನು ಸೊಂಟದ ಮಟ್ಟದಲ್ಲಿ ಹಿಡಿಯಬೇಡಿ. ನಿಮ್ಮ ಕಣ್ಣಿನ ಪಕ್ಕದಲ್ಲೇ ಹಿಡಿಯಿರಿ. ಬೆಕ್ಕಿನ ಕಣ್ಣಿನ ಹಿಂಪೊರೆ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುತ್ತದೆ. ಟಾರ್ಚ್ ನಿಮ್ಮ ಕಣ್ಣಿನ ಸಮಕ್ಕಿದ್ದರೆ ಕತ್ತಲ ಮೂಲೆಯಲ್ಲಿ ಎರಡು ಹಸಿರು ಚುಕ್ಕಿ ಹೊಳೆಯುವುದು ನಿಮಗೆ ಕಾಣುತ್ತದೆ. ಹತ್ತು ಹೆಜ್ಜೆ ನಡೆಯಿರಿ, ನಿಲ್ಲಿ, ಒಂದು ನಿಮಿಷ ಸುಮ್ಮನೆ ಕೇಳಿಸಿಕೊಳ್ಳಿ. ನಾಲ್ಕಾರು ಜನ ಒಟ್ಟಿಗೆ ಕೂಗುತ್ತಾ ಹೋದರೆ ಬೆಕ್ಕು ಇನ್ನೂ ಒಳಕ್ಕೆ ಸರಿಯುತ್ತದೆ. ಅದಕ್ಕೆ ಅತಿ ಪರಿಚಿತರಾದ ಒಬ್ಬರು, ದಿನನಿತ್ಯದ ದನಿಯಲ್ಲಿ, ಊಟಕ್ಕೆ ಕರೆಯುವಂತೆ ಕರೆಯಲಿ. ತಟ್ಟೆ ಬಡಿಯುವ ಸದ್ದು, ಆಹಾರದ ಡಬ್ಬಿ ಅಲ್ಲಾಡಿಸುವ ಸದ್ದು ಹೆಸರಿಗಿಂತ ಹೆಚ್ಚು ಕೆಲಸ ಮಾಡಬಹುದು.

ಕಳೆದ ವಸ್ತುವಿಗೆ ಕಾರ್ತವೀರ್ಯಾರ್ಜುನನ ಮಂತ್ರ ಹೇಳಿಕೊಳ್ಳುವ ರೂಢಿ ನಮ್ಮಲ್ಲಿದೆ. ನಮ್ಮತ್ತೆಯೂ ಹೇಳಿಕೊಂಡರು. ಹೇಳಿಕೊಳ್ಳುವವರು ಹೇಳಿಕೊಳ್ಳಲಿ, ಕೈಯಲ್ಲಿ ಟಾರ್ಚೂ ಇರಲಿ.

ಬೆಕ್ಕು ರಾತ್ರಿ ಬಂದು ಹೋಗುತ್ತಿದೆಯೇ ಎಂದು ತಿಳಿಯಲು ಹಳ್ಳಿಯ ಉಪಾಯವೇ ಸಾಕು. ಹಿತ್ತಿಲ ಬಾಗಿಲಲ್ಲಿ ಸ್ವಲ್ಪ ಆಹಾರವಿಟ್ಟು ಸುತ್ತ ಅಕ್ಕಿಹಿಟ್ಟು ತೆಳ್ಳಗೆ ಹರಡಿ. ಬೆಳಗ್ಗೆ ದುಂಡಗಿನ ಹೆಜ್ಜೆ, ನಾಲ್ಕು ಬೆರಳು, ಉಗುರಿನ ಗುರುತಿಲ್ಲದಿದ್ದರೆ ಬೆಕ್ಕು. ಉಗುರು ಮೂಡಿದ್ದರೆ ನಾಯಿ. ನಡೆಯುವಾಗ ಬೆಕ್ಕು ಉಗುರನ್ನು ಒಳಗೆಳೆದುಕೊಂಡಿರುತ್ತದೆ. ಬಂಗುಡೆ ಅಥವಾ ಒಣಮೀನಿನ ವಾಸನೆ ದೂರಕ್ಕೂ ಮುಟ್ಟುತ್ತದೆ. ಮೀನು ಬೇಯಿಸದ ಮನೆಯವರು ಬೆಕ್ಕಿನ ಆಹಾರದ ಪೊಟ್ಟಣ ಇಡಬಹುದು. ಅದು ಮಲಗುತ್ತಿದ್ದ ಹಳೆಯ ಬಟ್ಟೆಯನ್ನು ಒಗೆಯದೆ ಪಕ್ಕದಲ್ಲಿಡಿ. ಮಲದ ಮರಳನ್ನು ಹೊರಗೆ ಸುರಿಯಿರಿ ಎಂಬ ಸಲಹೆಯೂ ಓಡಾಡುತ್ತಿದೆ. ಆ ವಾಸನೆಗೆ ಬೀದಿಯ ಗಂಡು ಬೆಕ್ಕುಗಳು ಬಂದು ಕಾವಲು ಕೂತರೆ ನಿಮ್ಮದು ಹತ್ತಿರ ಸುಳಿಯಲಾರದು. ನಾನು ಅದನ್ನು ಮಾಡಲಿಲ್ಲ.

ಬೀದಿಯ ಕಣ್ಣುಗಳು

ನಿಮ್ಮ ಬೀದಿಯನ್ನು ನಿಮಗಿಂತ ಚೆನ್ನಾಗಿ ಬಲ್ಲವರಿದ್ದಾರೆ: ಪೇಪರ್ ಹಾಕುವ ಹುಡುಗ, ಹಾಲಿನವರು, ಪೌರಕಾರ್ಮಿಕರು, ಇಸ್ತ್ರಿ ಗಾಡಿಯವರು, ರಾತ್ರಿ ಪಾಳಿಯ ವಾಚ್‌ಮನ್, ಕೋಳಿ ಅಂಗಡಿಯವರು. ಫೋಟೋ ತೋರಿಸಿ ಕೇಳಿ. ಪೌರಕಾರ್ಮಿಕರನ್ನು ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ, ರಸ್ತೆಯಲ್ಲಿ ಸತ್ತ ಬೆಕ್ಕೇನಾದರೂ ಸಿಕ್ಕಿತ್ತಾ ಎಂದು. ಕೇಳಲು ನಾಲಿಗೆ ಏಳದು. ಆದರೂ ಕೇಳಿ, ಉತ್ತರ ಯಾವುದಾದರೂ ತಿಂಗಳುಗಟ್ಟಲೆ ಕೊರೆಯುವ ಅನುಮಾನ ತೀರುತ್ತದೆ.

ನೆರೆಯವರಿಗೆ "ಬೆಕ್ಕು ಕಂಡರೆ ಹೇಳಿ" ಎಂದಷ್ಟೇ ಹೇಳಿದರೆ ಅವರು ತಲೆಯಾಡಿಸಿ ಮರೆಯುತ್ತಾರೆ. "ನಿಮ್ಮ ಶೆಡ್ಡಿನ ಬೀಗ ಒಂದು ನಿಮಿಷ ತೆಗೀತೀರಾ, ನಾನೇ ನೋಡ್ತೀನಿ" ಎಂದು ಕೇಳಿ. ಊರಿಗೆ ಹೋದವರ ಮನೆಯಿದ್ದರೆ ಬೀಗದಕೈ ಯಾರ ಬಳಿ ಇದೆ ಎಂದು ವಿಚಾರಿಸಿ. ಅಪಾರ್ಟ್‌ಮೆಂಟಿನ ಸಿಸಿಟಿವಿ ನೋಡುವುದಾದರೆ ಬೆಕ್ಕನ್ನು ಕೊನೆಯ ಬಾರಿ ಕಂಡ ಹೊತ್ತು ಮತ್ತು ಇಲ್ಲವೆಂದು ಗೊತ್ತಾದ ಹೊತ್ತು, ಈ ಎರಡನ್ನು ಬರೆದು ಕೊಡಿ. ಹಳೆಯ ದೃಶ್ಯ ಅಳಿಸಿಹೋಗುವ ಮುಂಚೆ, ಮೊದಲ ದಿನವೇ.

ಪೋಸ್ಟರ್ ಮತ್ತು ಫೋನು

ಪೋಸ್ಟರಿನಲ್ಲಿ ಕತೆ ಬೇಡ. ಮೇಲೆ "ಬೆಕ್ಕು ಕಾಣೆಯಾಗಿದೆ" ಎಂಬ ದಪ್ಪಕ್ಷರ, ಪೂರ್ತಿ ಮೈ ಕಾಣುವ ಒಂದು ದೊಡ್ಡ ಬಣ್ಣದ ಫೋಟೋ, ಕಳೆದ ದಿನ ಮತ್ತು ಜಾಗ, ಒಂದು ಫೋನ್ ನಂಬರ್. "ಹಿಡಿಯಲು ಹೋಗಬೇಡಿ, ಫೋಟೋ ತೆಗೆದು ಕರೆ ಮಾಡಿ" ಎಂಬ ಸಾಲು ಮರೆಯಬೇಡಿ. ಅಟ್ಟಿಸಿಕೊಂಡು ಹೋದರೆ ಬೆಕ್ಕು ಇನ್ನೊಂದು ಬೀದಿ ದಾಟುತ್ತದೆ. ಕಟ್ಟಡ ಕೆಲಸದವರು, ವಾಚ್‌ಮನ್‌ಗಳಲ್ಲಿ ಬೇರೆ ಭಾಷೆಯವರೂ ಇರುವುದರಿಂದ ಕನ್ನಡದ ಜೊತೆ ಅವರ ಭಾಷೆಯ ಒಂದು ಸಾಲಿದ್ದರೆ ಅನುಕೂಲ. ಕಂಬ, ಗೋಡೆಗಳಿಗೆ ಅಂಟಿಸಬೇಡಿ. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ನಮ್ಮಲ್ಲಿ 1981ರಿಂದ ಕಾಯ್ದೆಯಿದೆ. ಹಾಲಿನ ಬೂತು, ಮೆಡಿಕಲ್ ಶಾಪು, ಕಾಂಡಿಮೆಂಟ್ಸಿನವರನ್ನು ಕೇಳಿ ಅವರ ಗಾಜಿಗೆ ಅಂಟಿಸಿದರೆ ಹೆಚ್ಚು ದಿನ ಉಳಿಯುತ್ತದೆ, ನೋಡುವವರೂ ಹೆಚ್ಚು.

ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೂ ಅದೇ ಚಿತ್ರ ಹಾಕಿ. ಹತ್ತಿರದ ಪಶುವೈದ್ಯರಿಗೆ, ಪ್ರಾಣಿ ರಕ್ಷಣೆಯ ಸಂಸ್ಥೆಗಳಿಗೆ ತಿಳಿಸಿ. ಬೆಂಗಳೂರಿನಲ್ಲಿ ಕ್ಯೂಪಾ, ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್, ಮಂಗಳೂರಿನ ಶಕ್ತಿನಗರದಲ್ಲಿ ಅನಿಮಲ್ ಕೇರ್ ಟ್ರಸ್ಟ್ ಇಂಥವು.

ಒಂದು ಗುರುತನ್ನು ಮಾತ್ರ ಯಾರಿಗೂ ಹೇಳದೆ ಇಟ್ಟುಕೊಳ್ಳಿ: ಹೊಟ್ಟೆಯ ಮೇಲಿನ ಮಚ್ಚೆ, ಬಾಲದ ತುದಿಯ ಡೊಂಕು, ಹೀಗೆ. "ನಿಮ್ಮ ಬೆಕ್ಕು ನಮ್ಮ ಹತ್ರ ಇದೆ, ಆಟೋ ಬಾಡಿಗೆಗೆ ಐನೂರು ಕಳಿಸಿ" ಎಂದು ಕರೆ ಮಾಡುವವರಿದ್ದಾರೆ. ಆ ಗುರುತು ಕೇಳಿ, ವಿಡಿಯೋ ಕರೆಯಲ್ಲಿ ತೋರಿಸಲು ಹೇಳಿ. ಬೆಕ್ಕು ಕಣ್ಣೆದುರು ಬರುವವರೆಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕಾಣಲು ಹೋಗುವುದಾದರೆ ಜೊತೆಗೊಬ್ಬರಿರಲಿ. ಬಣ್ಣವೂ ಸುಳಿವು ಕೊಡುತ್ತದೆ. ಬಿಳಿ, ಕಪ್ಪು, ಕಿತ್ತಳೆ ಮೂರೂ ಇರುವ ಬೆಕ್ಕು ಬಹುತೇಕ ಯಾವಾಗಲೂ ಹೆಣ್ಣೇ. ನಿಮ್ಮ ಮೂರು ಬಣ್ಣದ ಬೆಕ್ಕು ಸಿಕ್ಕಿದೆ, ಗಂಡು ಎಂದು ಯಾರಾದರೂ ಹೇಳಿದರೆ ಇನ್ನೆರಡು ಪ್ರಶ್ನೆ ಕೇಳಿ.

ಬೆಕ್ಕು ಕಂಡರೂ ಕೈಗೆ ಸಿಗದಿದ್ದರೆ ಬೋನು ಇಡಬೇಕಾಗುತ್ತದೆ. ಪ್ರಾಣಿ ರಕ್ಷಕರಲ್ಲಿ ವಿಚಾರಿಸಿದರೆ ಬೋನು ಎಲ್ಲಿ ಸಿಗುತ್ತದೆಂದು ತಿಳಿಯುತ್ತದೆ. ಇಟ್ಟ ಮೇಲೆ ಆಗಾಗ ನೋಡುತ್ತಿರಬೇಕು. ಬಿಸಿಲು, ಮಳೆಯಲ್ಲಿ ಬಿಟ್ಟು ಮಲಗುವಂತಿಲ್ಲ. ಸಿಕ್ಕ ಕೂಡಲೇ ಬೋನಿನ ಮೇಲೆ ಬಟ್ಟೆ ಹೊದಿಸಿದರೆ ಬೆಕ್ಕು ಶಾಂತವಾಗುತ್ತದೆ.

ಬಾರದ ದಿನಗಳು

ಮನೆಯವರೆಲ್ಲ ಕಾಲು ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ಓಡಾಡುವ ದಿನಗಳಿವು. ಬಾಗಿಲು ತೆರೆದವರ ಮೇಲೆ ಸಿಟ್ಟು, ನನ್ನ ಮೇಲೇ ಸಿಟ್ಟು. "ಒಂದು ಬೆಕ್ಕಿಗೆ ಇಷ್ಟೊಂದಾ" ಎಂದು ಯಾರೋ ಅಂದರೆ ನಾಚಿಕೆ ಬೇರೆ. ಅಮೆರಿಕದ ಮನೋಚಿಕಿತ್ಸಕಿ ಪಾಲಿನ್ ಬಾಸ್ 1970ರ ದಶಕದಲ್ಲಿ ಒಂದು ಬಗೆಯ ದುಃಖವನ್ನು ಗುರುತಿಸಿ ಹೆಸರಿಟ್ಟರು: ಹೋದವರು ಇದ್ದಾರೋ ಇಲ್ಲವೋ ಗೊತ್ತಿಲ್ಲದ, ಆದ್ದರಿಂದ ಅತ್ತು ಮುಗಿಸಲೂ ಆಗದ ಅಗಲಿಕೆ. ಅವರು ನೋಡಿದ್ದು ಯುದ್ಧದಲ್ಲಿ ಕಾಣೆಯಾದವರ ಮನೆಯವರನ್ನು. ಬೆಕ್ಕನ್ನು ಅದಕ್ಕೆ ಹೋಲಿಸುವುದು ಅತಿಯಾದೀತು. ಆದರೂ ತಟ್ಟೆ ತೊಳೆದು ಎತ್ತಿಡಲೋ ಬೇಡವೋ ಎಂದು ಅಡುಗೆಮನೆಯಲ್ಲಿ ನಿಂತವರಿಗೆ ಆ ಮಾತು ಅರ್ಥವಾಗುತ್ತದೆ.

ಇದಕ್ಕೆ ನನಗೆ ಒದಗಿದ್ದು ಒಂದು ನೋಟ್ ಪುಸ್ತಕ. ಇಂದು ಯಾವ ಮನೆಗಳನ್ನು ನೋಡಿದೆ, ಯಾರನ್ನು ಕೇಳಿದೆ, ನಾಳೆ ಯಾವುದು ಎಂದು ಬರೆದಿಟ್ಟು ಮಲಗುತ್ತಿದ್ದೆ. ಮನೆಯವರೆಲ್ಲ ಒಟ್ಟಿಗೆ ನಿದ್ದೆಗೆಡಬೇಡಿ, ಪಾಳಿ ಮಾಡಿಕೊಳ್ಳಿ. ಮಕ್ಕಳಿಗೆ "ಅಜ್ಜಿ ಮನೆಗೆ ಹೋಗಿದೆ" ಎಂದು ಸುಳ್ಳು ಹೇಳಬೇಡಿ. ಕಾಣೆಯಾಗಿದೆ, ಹುಡುಕುತ್ತಿದ್ದೇವೆ ಎನ್ನಿ, ಪೋಸ್ಟರಿಗೆ ಬಣ್ಣ ಹಾಕುವ ಕೆಲಸ ಕೊಡಿ. ವಾರವಾಯಿತೆಂದು ನಿಲ್ಲಿಸಬೇಡಿ. ಹಸಿವು ಹೆಚ್ಚಿದ ಮೇಲೆ ಹೆದರಿಕೆ ಹಿಂದೆ ಸರಿದು ಬೆಕ್ಕು ಹೊರಬರುವುದುಂಟು. ಆದರೆ ಮೇಲೆ ಹೇಳಿದ ಅಧ್ಯಯನದಲ್ಲಿ 90 ದಿನ ದಾಟಿದ ಮೇಲೆ ಜೀವಂತ ಸಿಕ್ಕವು ಕೆಲವೇ ಕೆಲವು. ಮೂರು ತಿಂಗಳು ಹುಡುಕಿದವರು ಪುಸ್ತಕ ಮುಚ್ಚಿದರೆ ಅದು ಬೆಕ್ಕಿಗೆ ಮಾಡಿದ ದ್ರೋಹವಲ್ಲ.

ಸಿಕ್ಕ ಮೇಲೆ

ಕಂಡ ಕೂಡಲೇ ಓಡಿ ಹಿಡಿಯಬೇಡಿ. ನೆಲಕ್ಕೆ ಕೂತು, ಮುಖ ಪಕ್ಕಕ್ಕೆ ಮಾಡಿ, ಮೆಲ್ಲಗೆ ಮಾತಾಡಿ. ಹೆದರಿದ ಬೆಕ್ಕು ಸಾಕಿದವರನ್ನೂ ಕಚ್ಚುತ್ತದೆ. ದಪ್ಪ ಟವೆಲಿನಲ್ಲಿ ಸುತ್ತಿ ಎತ್ತಿ. ಕಚ್ಚಿದರೆ, ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ವೈದ್ಯರನ್ನು ಕಾಣಿ. ಬೆಕ್ಕಿನಿಂದಲೂ ರೇಬಿಸ್ ಬರುತ್ತದೆ.

ಹಸಿದು ಬಂದಿದೆಯೆಂದು ತಟ್ಟೆ ತುಂಬಿಸಬೇಡಿ. ಸ್ವಲ್ಪ ಸ್ವಲ್ಪವೇ, ಹಲವು ಸಲ. ಹಲವು ದಿನ ಉಪವಾಸವಿದ್ದ ಬೆಕ್ಕಿಗೆ, ಅದರಲ್ಲೂ ದಪ್ಪ ಬೆಕ್ಕಿಗೆ, ಮೈಯ ಕೊಬ್ಬು ಯಕೃತ್ತಿಗೆ ಸೇರಿ ಕಾಯಿಲೆಯಾಗಬಹುದು. ಮೇಲ್ನೋಟಕ್ಕೆ ಚೆನ್ನಾಗಿದ್ದರೂ ಪಶುವೈದ್ಯರಿಗೆ ತೋರಿಸಿ. ಬಾಯಿ ತೆರೆದು ಉಸಿರಾಡುತ್ತಿದ್ದರೆ, ಒಸಡು ಬಿಳಿಚಿದ್ದರೆ, ಗಂಡು ಬೆಕ್ಕು ಮೂತ್ರಕ್ಕೆ ತಿಣುಕುತ್ತಿದ್ದರೆ ಬೆಳಗಿನವರೆಗೆ ಕಾಯಬೇಡಿ. ಉಗುರುಗಳು ಸೀಳಿ ಸವೆದಿದ್ದರೆ ಗಾಡಿ ಬಡಿದಿರುವ ಸಾಧ್ಯತೆಯಿದೆ. ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ, ಬಂದದ್ದರ ವಾಸನೆ ಬದಲಾಗಿರುವುದರಿಂದ ಅದು ಗುರುತು ಹಿಡಿಯದೆ ಬುಸುಗುಟ್ಟೀತು. ಕೆಲವು ದಿನ ಬೇರೆ ಕೋಣೆಯಲ್ಲಿಡಿ.

ಮುಂದಿನ ಸಲಕ್ಕೆ ಈಗಲೇ ಮೂರು ಕೆಲಸ ಮಾಡಿಟ್ಟುಕೊಳ್ಳಿ. ಒಂದು, ಐದಾರು ತಿಂಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ. ಅಲೆದಾಟದ ಅರ್ಧ ಕಾರಣ ಅಲ್ಲಿಗೇ ತೀರುತ್ತದೆ. ಎರಡು, ಎಳೆದರೆ ಬಿಚ್ಚಿಕೊಳ್ಳುವ ಕೊರಳಪಟ್ಟಿಯ ಮೇಲೆ ಫೋನ್ ನಂಬರ್, ಸಾಧ್ಯವಾದರೆ ಚರ್ಮದಡಿ ಮೈಕ್ರೋಚಿಪ್. ಅಕ್ಕಿಕಾಳಿನಷ್ಟಿರುವ ಅದು ಎಲ್ಲಿದೆಯೆಂದು ತೋರಿಸುವ ಜಿಪಿಎಸ್ ಅಲ್ಲ; ಸಿಕ್ಕ ಬೆಕ್ಕು ಯಾರದೆಂದು ಹೇಳುವ 15 ಅಂಕಿಯ ಗುರುತು. ಮೂರು, ಬಾಲ್ಕನಿಗೆ ಬಲೆ. ಪಟಾಕಿಯ ರಾತ್ರಿಗಳಲ್ಲಿ, ಬಣ್ಣ ಬಳಿಯುವ ದಿನಗಳಲ್ಲಿ, ಮನೆ ಬದಲಿಸಿದ ಮೊದಲ ಎರಡು ಮೂರು ವಾರ ಬೆಕ್ಕು ಒಂದೇ ಕೋಣೆಯಲ್ಲಿ, ಬಾಗಿಲಿಗೆ ಚೀಟಿ ಅಂಟಿಸಿ.

ಜೀರಿಗೆ ಸಿಕ್ಕಿದ್ದು ಆರನೇ ದಿನ ನಸುಕಿನಲ್ಲಿ. ಹೂ ಕೀಳಲು ಎದ್ದ ಮೂರನೇ ಮನೆಯ ಅಜ್ಜಿ ಫೋನ್ ಮಾಡಿದರು: "ಬೇಗ ಬಾ, ನಮ್ಮ ಮೆಟ್ಟಿಲ ಕೆಳಗೆ ಏನೋ ಕಣ್ಣು ಹೊಳೀತಿದೆ." ಹಳೆಯ ಕೂಲರಿನ ಹಿಂದೆ, ಮುದುರಿಟ್ಟ ಟಾರ್ಪಾಲಿನ ಮೇಲೆ ಕೂತಿತ್ತು. ಹೆಜ್ಜೆ ಹಾಕಿ ಅಳೆದೆ, ನಮ್ಮ ಗೇಟಿನಿಂದ ನಲವತ್ತು ಹೆಜ್ಜೆ ಕೂಡ ಇಲ್ಲ. ಆ ಐದು ದಿನ ಅದೇ ಮೆಟ್ಟಿಲ ಪಕ್ಕದಲ್ಲಿ ನಿಂತು ಎಷ್ಟು ಸಲ ಹೆಸರು ಹಿಡಿದು ಕೂಗಿದ್ದೆನೋ. ಒಂದು ಸಲವೂ ಬಗ್ಗಿ ನೋಡಿರಲಿಲ್ಲ. ಟವೆಲಿನಲ್ಲಿ ಸುತ್ತಿ ಎತ್ತಿಕೊಂಡಾಗ ಅಜ್ಜಿ ಹೂವಿನ ಬುಟ್ಟಿ ಕೆಳಗಿಟ್ಟು ಹೇಳಿದರು, "ಅಂತೂ ಜೀರಿಗೆ ನಮ್ಮನೇಲೇ ಇತ್ತು ನೋಡು. ಅವತ್ತೇ ಹೇಳಿದ್ದೆ."